ಕುಟುಂಬದವರು ತಿಳಿಸಿದರು

"ಡಾಕ್ಟರಬಾಯಿ, ಆಕಿ ಜೀವಂತ ಅದಾಳ್ರೀ! ಸತ್ತೇ ಇಲ್ಲ! ಉದಗೀರ ಸ್ಟ್ಯಾಂಡಿನಾಗ ನಿಂತು ಮಿರ್ಚಿ ಭಜಿ ತಿನ್ಲತ್ತಿದ್ಳು, ಅದೂ ಸಾಲದಂತ ಇನ್ನೊಂದ್ ಪ್ಲೇಟ್ ಹಾಕಂತ ಜಗಳ ಮಾಡ್ಲತ್ತಿದ್ಳು!"

ಕೈಲಾಸ ಬೈಕಿನಿಂದ ಇಳಿಯುವ ಮೊದಲೇ ಇಷ್ಟನ್ನೂ ಕೂಗಿಬಿಟ್ಟಿದ್ದ. ಬೈಕಿನ ಸ್ಟ್ಯಾಂಡು ಹಾಕುವುದನ್ನೇ ಮರೆತು, ಅದು ವಾಲಿದಾಗ ಮೊಣಕಾಲಿನಿಂದ ತಡೆದು, ಹಾಗೇ ನಿಂತು ನಗುತ್ತಿದ್ದ. ಉಮರ್ಗಾದ ದವಾಖಾನೆಯ ಹಿಂದೆ ಬೇವಿನ ಮರದಡಿ ನಿಲ್ಲಿಸಿದ್ದ ಆಂಬುಲೆನ್ಸಿನೊಳಗೆ ಕೂತು ಪ್ರಣಿತಾ ಆಮ್ಲಜನಕದ ಸಿಲಿಂಡರಿನ ಮುಳ್ಳನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ಯಾರು ಎಂದು ಅವಳಿಗೆ ಗೊತ್ತಾಗಿತ್ತು. ಆದರೂ, "ಯಾರು?" ಎಂದಳು.

"ಯಾರಂದ್ರ? ಉಜ್ವಲಾ. ಗುಂಜೋಟಿ ಹಾದ್ಯಾಗಿನ ವಸ್ತಿ, ಹಾವ ಕಡದಾಕಿ. ನಾವ್ ಸಾಯಿಸಿದಾಕಿ!"

ಅವನು ತಮಾಷೆಗೆ ಅಂದದ್ದು. ಆಂಬುಲೆನ್ಸ್ ಓಡಿಸುವವರ ತಮಾಷೆ ಹೀಗೇ ಇರುತ್ತದೆ ಎಂದು ಈ ಕೆಲಸಕ್ಕೆ ಸೇರಿದ ಮೇಲೆ ಅವಳು ಕಲಿತಿದ್ದಳು. ಆದರೂ ಅವಳ ಬೆರಳು ಮುಳ್ಳಿನ ಗಾಜಿನ ಮೇಲೆಯೇ ನಿಂತುಬಿಟ್ಟಿತು. ಸಾಯಿಸಿದಾಕಿ. ಕೈಲಾಸನಿಗೆ ಗೊತ್ತಿರಲಿಲ್ಲ, ಅದು ತಮಾಷೆಯಲ್ಲ ಎಂದು. ಉಜ್ವಲಾಳನ್ನು ಸಾಯಿಸಿದ್ದು ಹಾವಲ್ಲ, ಇದೇ ಬೆರಳು. ದವಾಖಾನೆಯಲ್ಲಿ ಬಿಟ್ಟುಬಂದ ರೋಗಿ ಎರಡು ದಿನದ ಮೇಲೆ ಹೇಗಿದ್ದಾರೆ ಎಂದು ಗಾಡಿಯಲ್ಲಿನ ಟ್ಯಾಬ್ಲೆಟ್ಟಿನ ಪರದೆ ಕೇಳುತ್ತದೆ; ಉತ್ತರ ತುಂಬುವವರೆಗೂ ಆ ಸಾಲು ಕೆಂಪಗೆ ಉರಿಯುತ್ತಿರುತ್ತದೆ. ಇಡೀ ರಾಜ್ಯದ ಎಲ್ಲ ಗಾಡಿಗಳ ಎಲ್ಲ ಸಾಲುಗಳೂ ಹಾಗೆ ಎಲ್ಲೋ ಒಂದು ಕಡೆ ಹೋಗಿ ಸೇರುತ್ತವಂತೆ. ಗುಣವಾಗಿದ್ದಾರೆ, ಚಿಕಿತ್ಸೆಯಲ್ಲಿದ್ದಾರೆ, ಮೃತಪಟ್ಟಿದ್ದಾರೆ, ಗೊತ್ತಿಲ್ಲ. ಅವಳು ಮೃತಪಟ್ಟಿದ್ದಾರೆ ಎಂಬುದನ್ನು ಒತ್ತಿದ್ದಳು. ಒತ್ತಿದ ಕೂಡಲೇ ಅದು ಇನ್ನೊಂದು ಪ್ರಶ್ನೆ ಕೇಳಿತ್ತು: ಯಾರು ತಿಳಿಸಿದರು? ಆಸ್ಪತ್ರೆಯವರು, ಕುಟುಂಬದವರು, ಇತರೆ. ಇತರೆ ಎಂದರೆ ಬರೆಯಬೇಕಾಗುತ್ತಿತ್ತು. ಏನೆಂದು ಬರೆಯುವುದು? ರಸ್ತೆಯಲ್ಲಿ ಹೋಗುತ್ತಿದ್ದ ಹೆಣ ತಿಳಿಸಿತು ಎಂದೇ? ಕುಟುಂಬದವರು ತಿಳಿಸಿದರು ಎಂದು ಒತ್ತಿದಳು. ಸಾಲು ಹಸಿರಾಯಿತು. ಅಷ್ಟು ಚಂದದ ಹಸಿರು, ಆಗಷ್ಟೇ ಮೊಳೆತ ಜೋಳದ ಹೊಲದಂಥದು.

"ನೀ ಸರಿಯಾಗಿ ನೋಡಿದ್ಯಾ, ಕೈಲಾಸ? ಆಕಿನೇ ಏನು?"

"ಅಯ್ಯ, ಆಕೀನೇ ನನಗ ಗುರ್ತ್ ಹಿಡದ್ಳು! ನಾ ದೇವಣಿ ಬಜಾರಿಗಿ ಹೋಗಿ ಹೋರಿ ನೋಡ್ಕೊಂಡು, ಅಲ್ಲಿಂದ ಉದಗೀರಕ್ಕ ಬಂದು ಬಸ್ಸಿಗಿ ನಿಂತಿದ್ದೆ. ಹಿಂದಿಂದ ಬಂದು 'ಏ ಅಣ್ಣಾ, ಗಾಡಿ ಹೊಡದಾಂವ ನೀನೇ ಅಲ್ಲೇನು?' ಅಂದ್ಳು. ನಾ ಮೊದ್ಲ ಕೊರಳಾಗಿನ ಲಿಂಗ ಹಿಡಕೊಂಡೆ ನೋಡ್ರಿ. ಹಾಡೇ ಹಗಲಿ ದೆವ್ವ ಭಜಿ ತಿಂತದೇನಂತ! ಆಕಿ ಏನ್ ಕೇಳಿದ್ಳು ಗೊತ್ತೇನ್ರಿ? 'ನನ್ ಚಪ್ಪಲ್ ಎಲ್ಲದ?' ಅಂದ್ಳು."

ಚಪ್ಪಲಿ. ಅದು ಈಗಲೂ ಇಲ್ಲೇ ಇತ್ತು, ಸ್ಟ್ರೆಚರಿನ ಕೆಳಗೆ, ಬ್ಯಾಂಡೇಜಿನ ಡಬ್ಬಿಯ ಹಿಂದೆ. ಹಾವು ಕಚ್ಚಿದ್ದು ಎಡಗಾಲಿಗೆ. ಆ ಕಾಲಿನದು ಸೋಯಾಬೀನ್ ಹೊಲದಲ್ಲೇ ಉಳಿದಿತ್ತು. ಬಲಗಾಲಿನದನ್ನು ಪ್ರಣಿತಾ ತಾನೇ ಬಿಚ್ಚಿದ್ದಳು, ನೇರಳೆ ಬಣ್ಣದ್ದು, ಪಟ್ಟಿಯ ಮೇಲೆ ಪ್ಲಾಸ್ಟಿಕ್ಕಿನ ಹೂವು. ಅದನ್ನು ಬಿಸಾಕು ಎಂದು ಕೈಲಾಸನಿಗೆ ಹೇಳಿದ್ದಳು, ಅವನು ಬಿಸಾಕಿರಲಿಲ್ಲ, ಅವನು ಬಿಸಾಕಿಲ್ಲವೆಂದು ಗೊತ್ತಿದ್ದೂ ಅವಳು ಎರಡನೇ ಸಲ ಹೇಳಿರಲಿಲ್ಲ. ಗಾಡಿ ತಿರುವಿನಲ್ಲಿ ವಾಲಿದಾಗ ಅದು ಸ್ವಲ್ಪ ಸರಿದು ಸದ್ದು ಮಾಡುತ್ತಿತ್ತು, ಯಾರೋ ಹಿಂದೆ ಒಂದು ಹೆಜ್ಜೆ ಇಟ್ಟ ಹಾಗೆ. ತಿಂಗಳ ವಿಡಿಯೋ ಮೀಟಿಂಗಿನಲ್ಲಿ ಹಾವು ಕಡಿತದ ನಕಾಶೆ ತೋರಿಸುತ್ತಾರೆ, ಒಂದೊಂದು ಜಿಲ್ಲೆಗೆ ಒಂದೊಂದು ಬಣ್ಣ, ಕೆಳಗೆ ಇಡೀ ರಾಜ್ಯದ್ದು ಒಂದು ದೊಡ್ಡ ಅಂಕಿ. ಬೇರೆಯವರಿಗೆ ಅದು ಅಂಕಿ. ಅವಳಿಗೆ ಮಾತ್ರ ಅದರೊಳಗೆ ಬಸ್ ಸ್ಟ್ಯಾಂಡಿನ ಹಾಗೆ ಜನ ನಿಂತಿರುವುದು ಕಾಣುತ್ತಿತ್ತು, ಆ ಜನರ ನಡುವೆ ಒಬ್ಬ ಹೆಂಗಸು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು. ಈಗ ಆ ಹೆಂಗಸು ಗುಂಪಿನಿಂದ ಹೊರಗೆ ಬಂದು ಉದಗೀರದಲ್ಲಿ ಭಜಿ ತಿನ್ನುತ್ತಿದ್ದಾಳೆ! ಪ್ರಣಿತಾಳಿಗೆ ನಗು ಬಂತು. ಆಮೇಲೆ, ನಗು ಇನ್ನೂ ಮುಖದ ಮೇಲಿರುವಾಗಲೇ, ಆ ಪ್ರಶ್ನೆ ಬಂತು.

"ಹಂಗಾರ ಅವತ್ತು ಹೂವಿನ ವಿಮಾನದಾಗ ಹೆಣಾಗಿ ಕುಂತಿದ್ದೋರು ಯಾರು?"

ಕೈಲಾಸ ಬೈಕಿನ ಕನ್ನಡಿಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದ. ಕನ್ನಡಿ ಸ್ವಚ್ಛವಾಗಿಯೇ ಇತ್ತು.

"ಆ ಮುದುಕಿ ಅಂತ್ರಿ. ಕಾಂತಾಬಾಯಿ. ಆಕಿ ಗಂಡ ನೀಲೇಶನ ಆಯಿ, ಅವರಪ್ಪನ ಅವ್ವ. ರಾತ್ರಿ ಮಲ್ಕೊಂಡಾಕಿ ಮುಂಜಾನಿ ಏಳ್ಲಿಲ್ಲಂತ."

ಆ ಬೆಳಿಗ್ಗೆ ಅವರು ಬೇರೊಂದು ಊರಿನಿಂದ ಗಾಡಿ ಖಾಲಿ ಮಾಡಿಕೊಂಡು ಬರುತ್ತಿದ್ದರು. ಗುಂಜೋಟಿಯ ಹಾದಿಯಲ್ಲಿ ಮುಂದೆ ಮೆರವಣಿಗೆ. ಬಾಳೆಕಂಬ, ಚೆಂಡುಹೂ ಕಟ್ಟಿದ ವಿಮಾನ, ಅದರೊಳಗೆ ಹೆಣ ಕೂತಿತ್ತು, ತಮ್ಮ ಲಿಂಗಾಯತರಲ್ಲಿ ಎಲ್ಲರನ್ನೂ ಕೂಡಿಸಿಯೇ ಒಯ್ಯುವ ಹಾಗೆ. ಹಿಂದಿನಿಂದ ಬರುವವರಿಗೆ ಕಂಡದ್ದು ಬೆನ್ನು ಮಾತ್ರ. ಹಸಿರು ಸೀರೆಯ ಅಂಚು, ಹೂವಿನ ರಾಶಿ. ಕೈಲಾಸ ಹಾರ್ನ್ ಹೊಡೆಯಲಿಲ್ಲ, ಓವರ್‌ಟೇಕ್ ಮಾಡಲಿಲ್ಲ. ಮೆರವಣಿಗೆ ತನ್ನ ಹೊಲದ ಕಡೆ ಹೊರಳುವವರೆಗೂ ಆಂಬುಲೆನ್ಸು ಅದರ ಹಿಂದೆ ನಡೆದೇ ಬಂತು, ತಾನೂ ಮನೆಯವನೇ ಎಂಬ ಹಾಗೆ. ಮುಂದಿನ ಬಲಮೂಲೆಗೆ ಹೆಗಲು ಕೊಟ್ಟವನು ನೀಲೇಶ, ಉಜ್ವಲಾಳ ಗಂಡ. ಅವನು ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅಳುತ್ತಿದ್ದ. ಅಷ್ಟು ಸಾಕಾಯಿತು. ಕೆಳಗಿಳಿದು ಒಂದು ಮಾತು ಕೇಳಬಹುದಿತ್ತು. ಆದರೆ ಸಾವಿನ ಮುಂದೆ ನಿಂತು ಯಾರು ಎಂದು ಹೇಗೆ ಕೇಳುವುದು? ಅವಳು ಸಣ್ಣವಳಿದ್ದಾಗ ನಿಲಂಗಾದಲ್ಲಿ ಅಪ್ಪ ವೀರಭದ್ರಪ್ಪನ ಕಾಳಿನ ಅಡತಿ ಅಂಗಡಿಯ ಮುಂದೆ ಇಂಥದೇ ವಿಮಾನ ಹೋಗುತ್ತಿತ್ತು; ತೊಗರಿಯ ಚೀಲದ ಮೇಲೆ ನಿಂತು "ಯಾರ್ ಸತ್ತಾರ?" ಎಂದು ಅವಳು ಜೋರಾಗಿ ಕೇಳಿದಾಗ ಅವ್ವ ತೋಳು ಚಿವುಟಿದ್ದಳು, ಕಲೆ ಬೀಳುವ ಹಾಗೆ. ಗೊತ್ತಿದ್ದವರು ಕೈ ಮುಗಿಯಬೇಕು, ಗೊತ್ತಿಲ್ಲದವರೂ ಕೈ ಮುಗಿಯಬೇಕು, ಕೇಳಬಾರದು. ಗಾಡಿಯೊಳಗೆ ಕೂತೇ ಅವಳು ಕೈ ಮುಗಿದಿದ್ದಳು.

ಇಷ್ಟೇ ಆಗಿದ್ದರೆ ಅದು ಬರೀ ತಪ್ಪು ತಿಳುವಳಿಕೆ. ಆದರೆ ಕೇಳದೆ ಇದ್ದದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಟ್ಯಾಬ್ಲೆಟ್ಟು ಯಾವತ್ತೂ ಕೇಳಿರಲಿಲ್ಲ. ಹಿಂದಿನ ದಿನ ಆ ಮನೆಯ ಅಂಗಳದಲ್ಲಿ ಉಜ್ವಲಾಳ ರೆಪ್ಪೆಗಳು ಜೋತುಬಿದ್ದಿದ್ದವು, ನಾಲಗೆ ಹೊರಳುತ್ತಿರಲಿಲ್ಲ, ಉಗುಳು ನುಂಗಲು ಆಗದೆ ತುಟಿಯ ಮೂಲೆಯಿಂದ ಇಳಿಯುತ್ತಿತ್ತು. ಸ್ಟ್ರೆಚರ್ ಎತ್ತಬೇಕು, ಅಷ್ಟರಲ್ಲಿ ಕಾಂತಾಬಾಯಿ ಒಳಗಿನಿಂದ ಹಿತ್ತಾಳೆಯ ಸಣ್ಣ ಬಟ್ಟಲು ಹಿಡಿದು ಬಂದಳು. ಜಂಗಮರ ಪಾದೋದಕ. "ಎರಡ್ ಹನಿ ಬಾಯಾಗ ಹಾಕ್ತೀನವ್ವ, ಆಮ್ಯಾಲ ಒಯ್ರಿ. ಬರೇ ಬಾಯಿಲೆ ಕಳಸಬಾರ್ದು." ಎರಡು ಹನಿ ಸಾಕಿತ್ತು, ನುಂಗಲಾರದ ಗಂಟಲಿನಿಂದ ಸೀದಾ ಶ್ವಾಸಕೋಶಕ್ಕೆ ಇಳಿಯಲು. ಬೇಡ ಎಂದಳು ಪ್ರಣಿತಾ. ಮುದುಕಿ ಕೇಳಿಸಿಕೊಳ್ಳಲಿಲ್ಲ, ಬಾಗಿದಳು. "ಸರೀರಿ ಆಚಿ!" ಎಂದು ಚೀರಿ ಪ್ರಣಿತಾ ಆ ಮಣಿಕಟ್ಟನ್ನು ನೂಕಿದಳು. ಅದು ಎಷ್ಟು ಹಗುರ ಇತ್ತು ಎಂದರೆ, ಒಣಗಿದ ತೊಗರಿಕಟ್ಟಿಗೆಯನ್ನು ನೂಕಿದ ಹಾಗೆ, ತನ್ನ ನೂಕು ಅಗತ್ಯಕ್ಕಿಂತ ಹೆಚ್ಚಾಯಿತೆಂದು ಅವಳ ಕೈಗೆ ಆ ಕ್ಷಣವೇ ತಿಳಿಯಿತು. ಬಟ್ಟಲು ಬಿತ್ತು, ಕಲ್ಲಿನ ಮೇಲೆ ಉರುಳಿ ಉರುಳಿ ಗೋಡೆಗೆ ತಾಗಿ ನಿಂತಿತು. ಮುದುಕಿ ಅವಳನ್ನು ನೋಡಲಿಲ್ಲ, ಬಟ್ಟಲನ್ನು ನೋಡಿದಳು. ನೀಲೇಶ ಮಾತ್ರ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿ, ಮೆಲ್ಲಗೆ, ಬೈಯುವ ದನಿಯಲ್ಲೂ ಅಲ್ಲ, "ನೀವು ನಮ್ಮ ಪೈಕೀನೇ ಅಲ್ರೀ?" ಎಂದ. ಹೌದು. ಅವಳ ಲಿಂಗ ಬ್ಯಾಗಿನ ಒಳಜೇಬಿನಲ್ಲಿತ್ತು, ಇಯರ್‌ಫೋನಿನ ಜೊತೆ ಸಿಕ್ಕಿಕೊಂಡು. ದಾರಿಯುದ್ದಕ್ಕೂ ಅವಳು ಉಜ್ವಲಾಳ ಮೂಗುಬಾಯಿಗೆ ಮಾಸ್ಕು ಒತ್ತಿಹಿಡಿದು, ಅದಕ್ಕೆ ಕೂಡಿಸಿದ ಗಾಳಿಚೀಲ ಹಿಚುಕುತ್ತಾ ಉಸಿರು ಹಾಕಿದ್ದಳು, ಬೆರಳು ಮರಗಟ್ಟುವವರೆಗೆ. ಮಾಡಿದ್ದು ಸರಿಯೇ ಇತ್ತು. ಯಾವ ಡಾಕ್ಟರನ್ನು ಕೇಳಿದರೂ ಸರಿ ಎನ್ನುತ್ತಾರೆ. ಆದರೆ ಆ ಸರಿಗೂ ಈ ನೂಕಿಗೂ ನಡುವೆ ಒಂದು ಸಣ್ಣ ಜಾಗವಿತ್ತು, ಕೈಯನ್ನು ಹಿಡಿಯಬಹುದಾಗಿದ್ದ ಜಾಗ. ಆಮೇಲೆ ಆ ಮೆರವಣಿಗೆ. ಎರಡು ಹನಿ ನೀರಿಲ್ಲದೆ ಹೋದಳು ಎಂದು ಆ ಮನೆಯವರು ಬದುಕಿರುವವರೆಗೂ ಹೇಳಿಕೊಳ್ಳುತ್ತಾರೆ, ಅವರಿಗೆ ಫೋನ್ ಮಾಡಿ "ರೋಗಿ ಈಗ ಹೇಗಿದ್ದಾರೆ?" ಎಂದು ಕೇಳುವುದು ಅವಳಿಂದ ಆಗಲಿಲ್ಲ. ಅದಕ್ಕೇ ಒತ್ತಿದಳು.

ಈಗ ಉಜ್ವಲಾ ಇದ್ದಾಳೆ. ಆದರೆ ಆ ಕೈ ಇಲ್ಲ.

ಫೋನು ಕೂಗಿತು. ಹೈವೇಯಲ್ಲಿ ಬೈಕು ಬಿದ್ದಿದೆ, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ. ಕೈಲಾಸ ಓಡಿದ, ಗಾಡಿ ಹೊರಟಿತು, ತಿರುವಿನಲ್ಲಿ ಸ್ಟ್ರೆಚರಿನ ಕೆಳಗೆ ಚಪ್ಪಲಿ ಸರಿಯಿತು. ಇವತ್ತು ಆ ಸದ್ದಿಗೆ ಅವಳು ತಿರುಗಿ ನೋಡಿದಳು. ರಸ್ತೆಯ ಪಕ್ಕದಲ್ಲಿ ಕೂತಿದ್ದವಳು ಲಲಿತಾಬಾಯಿ ಎಂಬ ಹೆಂಗಸು, ತಮ್ಮನ ಬೈಕಿನ ಹಿಂದೆ ಕೂತು ಬರುತ್ತಿದ್ದವಳು. ಮುಂಗೈ ಮುರಿದಿತ್ತು, ಬಾಯಿಗೆ ಏನೂ ಆಗಿರಲಿಲ್ಲ. ತಮ್ಮನ ಡ್ರೈವಿಂಗನ್ನು, ಟ್ರ್ಯಾಕ್ಟರನ್ನು, ಸಕ್ಕರೆ ಕಾರ್ಖಾನೆಯನ್ನು, ಗಾಡಿಯೊಳಗಿನ ಫಿನಾಯಿಲಿನ ವಾಸನೆಯನ್ನು ಒಂದೇ ಉಸಿರಿನಲ್ಲಿ ಬೈದಳು. ಪ್ರಣಿತಾ ಪಟ್ಟಿ ಕಟ್ಟಿ, ಟ್ಯಾಬ್ಲೆಟ್ಟಿನಲ್ಲಿ ಹೆಸರು, ಊರು, ಫೋನ್ ನಂಬರು ತುಂಬುವಾಗ ಅವಳು ಕತ್ತು ಚಾಚಿ ನೋಡಿದಳು.

"ಇಷ್ಟೆಲ್ಲಾ ಬರ್ಕೊಂಡು ಏನ್ ಮಾಡ್ತೀರವ್ವ?"

"ಮ್ಯಾಲಿಗಿ ಹೋಗ್ತದರಿ. ಮುಂಬಯಿ ತನಕ."

"ಮುಂಬಯಿದೋರಿಗಿ ನನ್ ಕೈ ತಗೊಂಡು ಏನದ?" ಲಲಿತಾಬಾಯಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡು ಬೇರೆಯೇ ದನಿಯಲ್ಲಿ ಕೇಳಿದಳು: "ನಂಬರ್ ತಗೊಂಡೀರಲ್ಲ, ಆಮ್ಯಾಲ ಫೋನ್ ಮಾಡ್ತೀರೇನು? ಹ್ಯಾಂಗ ಅದೀರಿ ಲಲಿತಾಬಾಯಿ, ಅಂತ?"

"ಮಾಡ್ತೀನ್ರಿ," ಎಂದಳು ಪ್ರಣಿತಾ, ಮತ್ತು ಅವಳ ಕಿವಿ ಬಿಸಿಯಾಯಿತು.

"ನೋಡವ್ವ. ಮಂದಿ ಬರೇ ಹೇಳ್ತಾರ."

ಅವಳನ್ನು ದವಾಖಾನೆಗೆ ಒಪ್ಪಿಸಿ ಬಂದ ಮೇಲೆ ಪ್ರಣಿತಾ ಬೇವಿನ ಕೆಳಗೆ ಕೂತು ಜಿಲ್ಲೆಯ ಕಚೇರಿಗೆ ಫೋನ್ ಮಾಡಿದಳು. ಎಲ್ಲ ಗಾಡಿಗಳ ಮಾಹಿತಿ ನೋಡಿಕೊಳ್ಳುವ ಸೂರ್ಯಕಾಂತ ಸರ್ ಮನೆಯಲ್ಲಿ ಕನ್ನಡದವರೇ, ಕಚೇರಿಯಲ್ಲಿ ಮರಾಠಿ. ಫೋನಿನಲ್ಲಿ ಎರಡೂ ಕಲಸಿಹೋಗುತ್ತಿತ್ತು. ತೀರಿದರು ಎಂದು ತುಂಬಿದ ಒಬ್ಬ ರೋಗಿ ಬದುಕಿದ್ದಾರೆ, ಅದನ್ನು ತಿದ್ದಬೇಕು ಎಂದಳು. ಆ ಕಡೆ ಚಹಾ ಹೀರುವ ಸದ್ದು ನಿಂತಿತು.

"ಅಹೋ ಡಾಕ್ಟರ್, ಜಾವೂ ದ್ಯಾ ನಾ. ಬಿಡ್ರಿ ಅತ್ಲಾಗ. ಇಡೀ ರಾಜ್ಯದಾಗ ಎಷ್ಟ್ ಲಕ್ಷ ಎಂಟ್ರಿ ಆಗ್ತಾವ, ಅದ್ರಾಗ ಒಂದು. ಒಂದಕ್ಕ ಏನಾಗ್ತದ?"

"ಆಕಿ ಇದ್ದಾಳ್ರಿ ಸರ್."

"ಇರ್ಲಿ ಬಿಡ್ರಿ, ಛಲೋನೇ ಆಯ್ತು. ಇದ್ದಾಕಿ ಇರ್ತಾಳ, ನಮ್ಮ ಎಂಟ್ರಿಲಿಂದ ಸಾಯ್ತಾಳೇನು?" ಅವರು ತಮ್ಮ ಮಾತಿಗೆ ತಾವೇ ನಕ್ಕು, ಆಮೇಲೆ ದನಿ ತಗ್ಗಿಸಿದರು. "ನೋಡು ತಂಗಿ, ತಿದ್ದಬೇಕಂದ್ರ ನಾ ತೆರದು ಕೊಡ್ತೀನಿ. ನಾಳಿ ಸಂಜಿತನ ಟೈಮದ, ಆಮ್ಯಾಲ ತಿಂಗಳದ್ದು ಲಾಕ್ ಆಗ್ತದ. ಆದ್ರ ಕುಟುಂಬದವರು ತಿಳಿಸಿದರು ಅಂತ ಹಾಕೀದಿ. ಮನ್ಯಾನ ಮಂದಿ ಇದ್ದಾಕೀಗಿ ಸತ್ತಾಳಂತ ಹ್ಯಾಂಗ ಹೇಳಿದ್ರು, ಅಂತ ಮ್ಯಾಲಿನೋರು ಕೇಳ್ತಾರ. ಏನ್ ಹೇಳ್ತೀ? ಮೆಮೊ ಬರ್ತದ. ಹೊಸಾ ನೌಕರಿ ನಿಂದು. ವಿಚಾರ ಮಾಡು."

ಅವರು ಒಳ್ಳೆಯ ಮನುಷ್ಯ. ತಂಗಿ ಎಂದದ್ದು ಹೆದರಿಸಲಿಕ್ಕೆ ಅಲ್ಲ. ಮೆಮೊ ಅವಳಿಗೆ ಭಯ ಹುಟ್ಟಿಸಿತು, ಅಪ್ಪ ಅಂಗಡಿಯಲ್ಲಿ ಬಂದವರಿಗೆಲ್ಲ ಮಗಳ ನೌಕರಿಯ ಮಾತು ಹೇಳುವುದು ನೆನಪಾಯಿತು; ಆದರೆ ಅದಕ್ಕಿಂತ ದೊಡ್ಡ ಭಯ ಅದರ ಹಿಂದೆ ನಿಂತಿತ್ತು, ಗೋಡೆಗೆ ತಾಗಿ ನಿಂತ ಬಟ್ಟಲಿನ ಹಾಗೆ. ಸುಮ್ಮನೆ ಬಿಟ್ಟರೆ ಏನೂ ಆಗುವುದಿಲ್ಲ. ನಾಳೆ ಸಂಜೆ ಲಾಕ್ ಆಗುತ್ತದೆ, ಉಜ್ವಲಾ ಆ ದೊಡ್ಡ ಅಂಕಿಯೊಳಗೆ ಒಂದೇ ಚಪ್ಪಲಿಯಲ್ಲಿ ನಿಂತೇ ಇರುತ್ತಾಳೆ, ಇತ್ತ ಭಜಿಯನ್ನೂ ತಿನ್ನುತ್ತಾಳೆ. ಕಾಂತಾಬಾಯಿ ಮಾತ್ರ ಯಾವ ಅಂಕಿಯಲ್ಲೂ ಇಲ್ಲ. ಅವಳಿಗಾಗಿ ಯಾರೂ ಗಾಡಿ ಕರೆದಿರಲಿಲ್ಲ. ಅವಳ ಸಾವನ್ನು ಪ್ರಣಿತಾ ಒತ್ತಿದ್ದು ನಿಜವೇ, ಮೊಮ್ಮಗನ ಹೆಂಡತಿಯ ಹೆಸರಿನ ಮುಂದೆ ಒತ್ತಿದ್ದಳು, ಅಷ್ಟೇ. ಹಾಗೆ ನೋಡಿದರೆ ಆ ಸಾಲಿನಲ್ಲಿ ಮುದುಕಿ ಇಷ್ಟು ದಿನ ಅಡಗಿ ಕೂತಿದ್ದಳು, ಬೆನ್ನು ತೋರಿಸಿಕೊಂಡು, ಚೆಂಡುಹೂವಿನೊಳಗೆ.

"ಕೈಲಾಸ, ಆಕಿ ಮತ್ತೇನ್ ಅಂದ್ಳು?"

"ಏನಿಲ್ರಿ. ಇಲ್ಲಿಂದ ಅದೇ ದಿನ ಲಾತೂರಕ್ಕ ಒಯ್ದಾರಂತ, ಅಲ್ಲಿ ಭಾಳ ದಿನ ಉಸುರಿನ ಮಷಿನ್ ಮ್ಯಾಲ ಇದ್ಳಂತ, ಆಮ್ಯಾಲ ತವರುಮನಿ ಉದಗೀರಕ್ಕ ಬಂದಾಳ. ಚಪ್ಪಲ್ ಸಲುವಾಗಿ ನಂಬರ್ ಕೊಟ್ಟಾಳ." ಅವನು ಫೋನ್ ತೆಗೆದು ತೋರಿಸಿದ. "ಚಪ್ಪಲ್ ಉಜ್ವಲಾ" ಎಂದು ಸೇವ್ ಮಾಡಿಕೊಂಡಿದ್ದ.

ಆ ಹೆಸರನ್ನು ನೋಡಿ ಪ್ರಣಿತಾ ಖರೇ ನಕ್ಕಳು. ನಗುತ್ತಿರುವಾಗಲೇ ನಂಬರು ಒತ್ತಿಬಿಟ್ಟಳು, ನಗು ಮುಗಿದರೆ ಒತ್ತಲು ಆಗುವುದಿಲ್ಲ ಎಂದು ಗೊತ್ತಿದ್ದ ಹಾಗೆ.

"ಹಲೋ, ಯಾರ್ರೀ?" ಗಟ್ಟಿ ದನಿ. ಈ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. ಆ ದಿನ ಈ ಗಂಟಲಿನಿಂದ ಬರುತ್ತಿದ್ದದ್ದು ಬರೀ ಗೊರಗೊರ.

"ನಾ... ಅವತ್ತು ಗಾಡ್ಯಾಗ ಬಂದಿದ್ದ ಡಾಕ್ಟರ್. ಪ್ರಣಿತಾ ಅಂತ."

"ಅಯ್ಯ! ನಮ್ಮ ಆಯಿ ಬೈದಿದ್ದ ಡಾಕ್ಟರಬಾಯಿ ನೀವೇ ಏನ್ರಿ?"

"...ಬೈದಿದ್ರೇನು?"

"ಏನ್ ಕೇಳ್ತೀರಿ! ನಮ್ಮನಿಯೋರು ಹೇಳ್ಯಾರ. ರಾತ್ರಿ ಉಂಬೂತನಾ ಬೈದಾಳಂತ. ಬಟ್ಟಲ ನೆಗ್ಗಿ ಚೊಟ್ಟ ಬಿದ್ದದ ನೋಡ್ರಿ, ಆ ಹುಡುಗಿ ಕೈ ಕಬ್ಬಿಣದ್ದೇನು ಅಂದಾಳಂತ. ಮಷಿನ್ ಮ್ಯಾಲ ನಾ ಉಸುರಾಡ್ಲತ್ತೀನಂತ ದವಾಖಾನಿಲಿಂದ ಫೋನ್ ಬಂತಲ್ರಿ, ಆವಾಗ ಬೈಯೋದು ಬಿಟ್ಟು ಇನ್ನೊಂದ್ ರೊಟ್ಟಿ ಹಾಕಂತ ಕೇಳಿ ಉಂಡಾಳ. ಉಂಡು ಮಲಗಿದಾಕಿ ಏಳ್ಲಿಲ್ಲ. ನನಗ ಭಾಳ ದಿನಾ ಹೇಳೇ ಇರ್ಲಿಲ್ರಿ. ಮಣ್ಣಿಗಿ ಸೈತ ನಾ ಹೋಗ್ಲಿಲ್ಲ."

ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು. ಪ್ರಣಿತಾ ಬೇವಿನ ತೊಗಟೆಯನ್ನು ಉಗುರಿನಿಂದ ಕೀಳುತ್ತಿದ್ದಳು.

"ಅವರ ಕೈ ನೂಕಿದ್ದೆ ನಾ," ಎಂದಳು. "ಬಾಯಾಗ ನೀರು ಹಾಕಿದ್ರ ನಿಮಗ ಉಸುರು ಕಟ್ತಿತ್ತು. ಆದ್ರ ಅಷ್ಟ್ ಜೋರಾಗಿ ನೂಕೋದು ಬೇಕಿರ್ಲಿಲ್ಲ."

"ಗೊತ್ತದ. ಖರೇ ಹೇಳ್ಲೇನು? ಕೇಳಿದಾಗ ನಂಗೂ ಸಿಟ್ಟ್ ಬಂದಿತ್ತು. ಈಗೂ ಸ್ವಲ್ಪ ಅದ. ಆಯಿ ನನಗ ಮಗಳಂಗ ನೋಡಿದಾಕಿ. ಆದ್ರ ಸಿಟ್ಟ್ ಮಾಡ್ಲಿಕ್ಕೂ ಉಸುರು ಬೇಕಲ್ರಿ, ಅದು ನೀವ್ ಹಾಕಿದ್ದು. ಹಂಗಂತ ನಾ ಏನ್ ಮಾಡ್ಲಿ ಹೇಳ್ರಿ?"

ಕ್ಷಮಿಸಿದೆ ಎಂದಿದ್ದರೆ ಪ್ರಣಿತಾ ಫೋನ್ ಇಟ್ಟು ಹಗುರಾಗಿ ಎದ್ದುಬಿಡುತ್ತಿದ್ದಳೇನೋ. ಉಜ್ವಲಾ ಹಾಗೆ ಅನ್ನಲಿಲ್ಲ, ಸಿಟ್ಟನ್ನೂ ಉಸಿರನ್ನೂ ಒಂದೇ ತಟ್ಟೆಯಲ್ಲಿಟ್ಟು ಮುಂದೆ ಸರಿಸಿದಳು. ಅದರಿಂದ ಪ್ರಣಿತಾಳಿಗೆ ವಿಚಿತ್ರವಾದ ಸಮಾಧಾನವಾಯಿತು, ಮತ್ತು ಉಳಿದ ಮಾತೂ ಬಾಯಿಗೆ ಬಂತು.

"ಇನ್ನೊಂದ್ ಅದರಿ. ಆಯಿಯ ವಿಮಾನ ನೋಡಿ ನಾ ನೀವೇ ಅಂದ್ಕೊಂಡೆ. ಸರ್ಕಾರದ ಲೆಕ್ಕದಾಗ ನೀವ್ ತೀರ್ಕೊಂಡೀರಂತ ಹಾಕೀನಿ."

ಫೋನನ್ನು ದೂರ ಹಿಡಿದು ಉಜ್ವಲಾ ಕೂಗಿದ್ದು ಕೇಳಿಸಿತು: "ಅವ್ವಾ! ಏ ಅವ್ವಾ! ನಾ ಸತ್ತೀನಂತ ಬಾ! ಸರ್ಕಾರದೋರು ಹೇಳ್ಲತ್ತಾರ!" ಆ ಕಡೆಯಿಂದ ಪಾತ್ರೆ ಬಿದ್ದ ಸದ್ದು, ಬೈಗುಳ, ಇಬ್ಬರು ಹೆಂಗಸರ ನಗು. ನಗು ಇಳಿದ ಮೇಲೆ ಉಜ್ವಲಾ ಕೇಳಿದಳು, ಈ ಸಲ ನಗದೆ: "ಯಾರ್ ಹೇಳಿದ್ರಂತ ಹಾಕೀರಿ?"

"ಮನಿಯೋರು ಹೇಳಿದ್ರು ಅಂತ."

"ನಮ್ಮನಿಯೋರಾ? ಯಾರೂ ಹೇಳೇ ಇಲ್ಲಲ್ಲ!"

"ಇಲ್ಲ. ನಾ ಕೇಳೇ ಇಲ್ಲ."

"ಹಂಗಾರ ನಾಳಿ ಬಂದು ಕೇಳ್ರಿ." ಅವಳು ಇದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ, ಸಂತೆಗೆ ಬಾ ಎಂದ ಹಾಗೆ. "ನಾ ನಾಳಿ ಊರಿಗಿ ಹೊಂಟೀನಿ. ಮನಿಗೇ ಬರ್ರಿ. ನಮ್ಮನಿಯೋರು ಇರ್ತಾರ, ನಮ್ಮತ್ತಿ ಇರ್ತಾಳ. ಎಲ್ಲರಿಗೂ ಒಬ್ಬೊಬ್ಬರಿಗಿ ಕೇಳ್ರಿ, ಉಜ್ವಲಾ ಹ್ಯಾಂಗ ಅದಾಳಂತ. ಅವರು ಏನ್ ಹೇಳ್ತಾರೋ ಅದು ಹಾಕ್ರಿ."

ಪ್ರಣಿತಾಳ ಕಣ್ಣ ಮುಂದೆ ಆ ಅಂಗಳ ಬಂತು, ಗೋಡೆ, ಕಲ್ಲು, ಎಲ್ಲೋ ಗೂಡಿನಲ್ಲಿ ಇಟ್ಟಿರಬಹುದಾದ ಚೊಟ್ಟ ಬಿದ್ದ ಬಟ್ಟಲು. ನೀಲೇಶ ಬಾಗಿಲಲ್ಲಿ ನಿಂತಿರುತ್ತಾನೆ. ಅವನು ಏನು ಹೇಳುತ್ತಾನೋ. ಆ ಸಂಜೆಯೇ ಲಾಕ್ ಆಗುತ್ತದೆ. ತಿದ್ದಿದರೆ ಮೆಮೊ ಬರುತ್ತದೆ. ಬರಲಿ.

"ಹತ್ತಕ್ಕ ಬರ್ಲೇನು?"

"ಹತ್ತಕ್ಕ ಬ್ಯಾಡ್ರಿ, ನಮ್ಮ ಬಸ್ಸೇ ಬಂದಿರಲ್ಲ. ಹನ್ನೊಂದಕ್ಕ ಬರ್ರಿ, ರೊಟ್ಟಿ ಉಂಡೇ ಹೋಗ್ಬೇಕು. ಮತ್ತ ನೋಡ್ರಿ, ಆ ಇನ್ನೊಂದು ಚಪ್ಪಲ್ ನಮ್ಮತ್ತಿ ಹೊಲದಾಗಿಂದ ತಂದು ಇಟ್ಟಾಳ. ನಿಮ್ಮ ಕಡಿದು ಮರೀಬ್ಯಾಡ್ರಿ."

"ಮರೆಯಂಗಿಲ್ಲ. ನಾಳಿ ಹನ್ನೊಂದಕ್ಕ."

ಫೋನ್ ಇಟ್ಟು ಅವಳು ಗಾಡಿಯೊಳಗೆ ಹತ್ತಿದಳು, ಮೊಣಕಾಲೂರಿ ಸ್ಟ್ರೆಚರಿನ ಕೆಳಗೆ ಕೈ ಚಾಚಿದಳು. ಟ್ಯಾಬ್ಲೆಟ್ಟಿನಲ್ಲಿ ಆ ಹಳೆಯ ಸಾಲು ಮತ್ತೆ ಕೆಂಪಾಗಿತ್ತು. ಸೂರ್ಯಕಾಂತ ಸರ್ ತೆರೆದುಕೊಟ್ಟಿದ್ದರು. ಯಾರು ತಿಳಿಸಿದರು, ಎಂದು ಅದು ಕೇಳುತ್ತಿತ್ತು. ಅವಳು ಅದಕ್ಕೆ ಇವತ್ತು ಏನೂ ಹೇಳಲಿಲ್ಲ. ಚಪ್ಪಲಿಯ ಪ್ಲಾಸ್ಟಿಕ್ ಹೂವಿನಲ್ಲಿ ಕೂತ ಧೂಳನ್ನು ಓಢಣಿಯ ತುದಿಯಿಂದ ಒರೆಸಿ, ಬ್ಯಾಗಿನ ಒಳಜೇಬಿನಿಂದ ಲಿಂಗವನ್ನು ಬಿಡಿಸಿ ಕೊರಳಿಗೆ ಹಾಕಿಕೊಂಡು ಜಾಗ ಮಾಡಿ, ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನೊಳಗಿಟ್ಟಳು. "ಕೈಲಾಸ," ಎಂದು ಕೂಗಿದಳು, "ನಾಳಿ ಹನ್ನೊಂದಕ್ಕ ನನ್ ಸೂಟಿ. ನಿನ್ ಬೈಕ್ ಬೇಕು."